ಗಣಕದ ಕೋಣೆಯ ಬಾಗಿಲು ತೆರೆದ ಗಣಿತಜ್ಞ

ನಿಮ್ಮ ತಂದೆಯವರನ್ನೋ ತಾಯಿಯವರನ್ನೋ ಒಮ್ಮೆ ಕೇಳಿ ನೋಡಿ: ಅವರು ಮೊದಲು ಹೆಸರು ಕೇಳಿದ ಕಂಪ್ಯೂಟರ್ ಭಾಷೆ ಯಾವುದು? 'ಬೇಸಿಕ್' ಎಂಬ ಉತ್ತರ ಬಂದರೆ ಆಶ್ಚರ್ಯಪಡಬೇಡಿ. ಶಾಲೆಗಳಿಗೆ ಗಣಕಯಂತ್ರವನ್ನು ಪರಿಚಯಿಸುವ 'ಕ್ಲಾಸ್' ಯೋಜನೆ ನಮ್ಮ ದೇಶದಲ್ಲಿ 1984ರಲ್ಲಿ ಆರಂಭವಾಯಿತು. ಆಗ ಬಂದ ಬಿಬಿಸಿ ಮೈಕ್ರೊ ಯಂತ್ರಗಳಲ್ಲಿ ಇದ್ದದ್ದೂ ಇದೇ ಭಾಷೆ. ಇದನ್ನು ರೂಪಿಸಿದ ಇಬ್ಬರು ಗಣಿತಜ್ಞರಲ್ಲಿ ಒಬ್ಬರು ಮುಂದೆ ದೊಡ್ಡ ವಿದ್ಯಾಸಂಸ್ಥೆಯೊಂದರ ಮುಖ್ಯಸ್ಥರಾದರು. ಅವರೇ ಜಾನ್ ಕೆಮೆನಿ. ಗಣಕದ ಕೆಲಸ, ಆಡಳಿತದ ಕೆಲಸ ಎರಡೂ ಬೇರೆ ಬೇರೆ ಎಂದು ನಮಗೆ ತೋರಬಹುದು. ಆದರೆ ಅವರು ಎರಡು ಕಡೆಯಲ್ಲೂ ಎದುರಿಸಿದ್ದು ಒಂದೇ ಪ್ರಶ್ನೆಯನ್ನು: ಕೆಲವರಿಗೆ ಮಾತ್ರ ಸಿಗುತ್ತಿರುವುದನ್ನು ಹಲವರಿಗೆ ಸಿಗುವಂತೆ ಮಾಡುವುದು ಹೇಗೆ?

ಕೆಮೆನಿ ಹುಟ್ಟಿದ್ದು 1926ರ ಮೇ 31ರಂದು, ಹಂಗೆರಿಯ ರಾಜಧಾನಿ ಬುಡಾಪೆಸ್ಟ್‌ನ ಒಂದು ಯಹೂದಿ ಕುಟುಂಬದಲ್ಲಿ. ವಿಶ್ವವಿದ್ಯಾಲಯಗಳಲ್ಲಿ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕುವ ಕಾನೂನು ಆ ದೇಶದಲ್ಲಿ 1920ರಲ್ಲೇ ಬಂದಿತ್ತು. 1938ರಲ್ಲಿ ಹಿಟ್ಲರನ ಸೇನೆ ನೆರೆಯ ಆಸ್ಟ್ರಿಯವನ್ನು ವಶಪಡಿಸಿಕೊಂಡಿತು. ಮುಂದೇನಾಗುವುದೆಂದು ಊಹಿಸಿದ ತಂದೆ ಒಬ್ಬರೇ ಅಮೆರಿಕಕ್ಕೆ ಹೊರಟರು. 1940ರಲ್ಲಿ ಕುಟುಂಬವೂ ಅವರನ್ನು ಸೇರಿಕೊಂಡಿತು. ಊರು ಬಿಡಲೊಪ್ಪದ ಅಜ್ಜ ಹಿಂದೆಯೇ ಉಳಿದರು. ನಾಜಿಗಳ ನರಮೇಧದಲ್ಲಿ ಪ್ರಾಣ ಕಳೆದುಕೊಂಡವರಲ್ಲಿ ಅವರೂ ಒಬ್ಬರಾದರು. ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಈ ಹುಡುಗ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ನ್ಯೂಯಾರ್ಕಿನ ಹೈಸ್ಕೂಲಿನಲ್ಲಿ ಓದಿ ತರಗತಿಗೆ ಮೊದಲಿಗನಾಗಿ ತೇರ್ಗಡೆಯಾದ ಕೆಮೆನಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವನ್ನು ಸೇರಿದರು. 1945ರಲ್ಲಿ ಸೈನ್ಯದ ಕರೆ ಬಂದು, ಅಣುಬಾಂಬ್ ತಯಾರಾಗುತ್ತಿದ್ದ ಲಾಸ್ ಅಲಮಾಸ್‌ಗೆ ಹೋಗಬೇಕಾಯಿತು. ಅಲ್ಲಿ ರಂಧ್ರ ಕೊರೆದ ಕಾರ್ಡುಗಳಿಂದ ನಡೆಯುವ ಲೆಕ್ಕದ ಯಂತ್ರಗಳು ಹಗಲು ರಾತ್ರಿ ಓಡುತ್ತಿದ್ದವು. ಒಂದೇ ಒಂದು ಸಮೀಕರಣಕ್ಕೆ ವಾರಗಟ್ಟಲೆ ಹಿಡಿಯುತ್ತಿತ್ತು. ತಾವೆಲ್ಲ ಸೇರಿ ಒಂದು ವರ್ಷ ದುಡಿದು ಮಾಡಿದ ಲೆಕ್ಕವನ್ನು ಮುಂದೆ ತಮ್ಮ ವಿದ್ಯಾರ್ಥಿಯೊಬ್ಬ ಒಂದೇ ಮಧ್ಯಾಹ್ನದಲ್ಲಿ ಮುಗಿಸಬಲ್ಲವನಾದ ಎಂದು ಅವರು ನೆನೆಸಿಕೊಳ್ಳುತ್ತಿದ್ದರು. ಯುದ್ಧದ ಬಳಿಕ ಪ್ರಿನ್ಸ್‌ಟನ್‌ಗೆ ಮರಳಿ, ಸ್ವಲ್ಪ ಕಾಲ ಐನ್‌ಸ್ಟೈನ್ ಅವರಿಗೆ ಗಣಿತ ಸಹಾಯಕರಾಗಿದ್ದು, 1949ರಲ್ಲಿ ಡಾಕ್ಟರೇಟ್ ಪಡೆದರು. ಆಗ ಅವರ ವಯಸ್ಸು 23.

1953ರಲ್ಲಿ ಕೆಮೆನಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಡಾರ್ಟ್‌ಮತ್ ಕಾಲೇಜಿಗೆ ಅಧ್ಯಾಪಕರಾಗಿ ಬಂದರು. ಹೆಸರಿಗೆ ಕಾಲೇಜಾದರೂ ಅದು ವಿಶ್ವವಿದ್ಯಾಲಯದಂತೆ ತಾನೇ ಪದವಿ ಕೊಡುವ ಹಳೆಯ ಸಂಸ್ಥೆ. ಗಣಿತ ವಿಭಾಗದಲ್ಲಿ ಅವರಿಗೆ ಜೊತೆಯಾದವರು ಥಾಮಸ್ ಕರ್ಟ್ಸ್. ಆ ದಿನಗಳಲ್ಲಿ ಗಣಕಯಂತ್ರ ಹೇಗೆ ಬಳಕೆಯಾಗುತ್ತಿತ್ತು ಗೊತ್ತೆ? ನಿಮ್ಮ ಆದೇಶಗಳನ್ನು ಕಾರ್ಡುಗಳಲ್ಲಿ ರಂಧ್ರ ಮಾಡಿ ಸಿಬ್ಬಂದಿಯ ಕೈಗೆ ಕೊಡಬೇಕು. ಹಿಟ್ಟಿನ ಗಿರಣಿಯಲ್ಲಿ ಡಬ್ಬ ಇಟ್ಟು ಸರದಿ ಕಾದಂತೆ ಕಾಯಬೇಕು. ಒಂದು ಅಲ್ಪವಿರಾಮ ತಪ್ಪಿದ್ದರೂ ತಿದ್ದಿ ಮತ್ತೆ ಸರದಿಯ ಕೊನೆಗೆ ನಿಲ್ಲಬೇಕು. ವಿಜ್ಞಾನಿಗಳೇ ಬೇಸರಪಡುತ್ತಿದ್ದ ಈ ಏರ್ಪಾಡಿನಲ್ಲಿ ಸಾಹಿತ್ಯದ ವಿದ್ಯಾರ್ಥಿ ತಲೆಹಾಕುವುದುಂಟೆ?

ಆದರೆ ಡಾರ್ಟ್‌ಮತ್‌ನ ಸುಮಾರು ಮುಕ್ಕಾಲು ಪಾಲು ವಿದ್ಯಾರ್ಥಿಗಳು ವಿಜ್ಞಾನದವರಾಗಿರಲಿಲ್ಲ. ನಾಳೆ ಸರ್ಕಾರದಲ್ಲಿ, ವ್ಯಾಪಾರದಲ್ಲಿ ಗಣಕದ ಕುರಿತು ತೀರ್ಮಾನ ಮಾಡುವವರು ಇವರೇ. ಇವರಿಗೇ ಅದು ತಿಳಿಯದಿದ್ದರೆ ಹೇಗೆ, ಎಂಬುದು ಕೆಮೆನಿ ಮತ್ತು ಕರ್ಟ್ಸ್ ಅವರ ವಾದ. ಗ್ರಂಥಾಲಯದಲ್ಲಿ ಯಾವ ವಿದ್ಯಾರ್ಥಿಯಾದರೂ ಕಪಾಟಿನ ಬಳಿಗೆ ಹೋಗಿ ಪುಸ್ತಕ ತೆಗೆದುಕೊಳ್ಳುವಂತೆ ಗಣಕವೂ ಎಲ್ಲರ ಕೈಗೆ ಎಟುಕಬೇಕೆಂದು ಅವರು ಬಯಸಿದರು.

ಇದಕ್ಕೆ ಎರಡು ಉಪಾಯ ಬೇಕಾದವು. ಮೊದಲನೆಯದು ಕಾಲ ಹಂಚಿಕೆ. ಇದರ ಸಲಹೆ ಎಂ.ಐ.ಟಿ.ಯ ಜಾನ್ ಮೆಕಾರ್ಥಿ ಅವರಿಂದ ಬಂದಿತ್ತು. ನಮ್ಮ ಹೋಟೆಲಿನ ಮಾಣಿಯನ್ನು ನೆನಪಿಸಿಕೊಳ್ಳಿ. ಒಬ್ಬರು ದೋಸೆ ತಿನ್ನುವವರೆಗೂ ಅವನು ಅವರ ಮೇಜಿನ ಬಳಿಯೇ ನಿಂತಿರುವುದಿಲ್ಲ. ಅಷ್ಟರಲ್ಲಿ ಹತ್ತು ಮೇಜು ಸುತ್ತಿ ಬರುತ್ತಾನೆ. ಹಾಗೆಯೇ ಯಂತ್ರವೂ ಒಬ್ಬರ ಕೆಲಸಕ್ಕೆ ಕ್ಷಣಮಾತ್ರ ಗಮನಕೊಟ್ಟು ಮುಂದಿನವರತ್ತ ಹೋಗುತ್ತದೆ. ವೇಗ ಎಷ್ಟೆಂದರೆ ಪ್ರತಿಯೊಬ್ಬರಿಗೂ ಯಂತ್ರ ತಮ್ಮೊಬ್ಬರದೇ ಎನ್ನಿಸುತ್ತದೆ. ಎರಡನೆಯದು ಸರಳ ಭಾಷೆ. ಲೆಟ್, ಪ್ರಿಂಟ್, ಇಫ್, ಗೋಟು ಮುಂತಾದ ಕೆಲವೇ ಪದಗಳು. ಒಂದೆರಡು ಪಾಠ ಕೇಳಿದವರು ತಾವೇ ಕ್ರಮವಿಧಿ ಬರೆಯಬಹುದು. ಅದೇ ಬೇಸಿಕ್. ಅದರ ಮೊದಲ ಅನುವಾದಕ ತಂತ್ರಾಂಶವನ್ನು ಬರೆದವರು ಸ್ವತಃ ಕೆಮೆನಿ. ಕಾಲ ಹಂಚಿಕೆಯ ವ್ಯವಸ್ಥೆಯನ್ನು ಬರೆದವರು ಇನ್ನೂ ಪದವಿ ಓದುತ್ತಿದ್ದ ಹುಡುಗರು. 1964ರ ಮೇ 1ರ ಬೆಳಗಿನ ಜಾವ ನಾಲ್ಕು ಗಂಟೆಗೆ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರದಲ್ಲಿ ಬೇಸಿಕ್ ಮೊದಲ ಬಾರಿ ಓಡಿತು.

ಈ ಭಾಷೆಗೆ ಟೀಕೆಯೂ ಬಂತು. ಬೇಸಿಕ್ ಕಲಿತವರಿಗೆ ಒಳ್ಳೆಯ ಕ್ರಮವಿಧಿ ಬರೆಯುವ ಅಭ್ಯಾಸ ಹತ್ತುವುದಿಲ್ಲವೆಂದು ಡೈಕ್‌ಸ್ಟ್ರಾ ಎಂಬ ಪ್ರಸಿದ್ಧ ಗಣಕ ವಿಜ್ಞಾನಿ 1975ರಲ್ಲಿ ಕಟುವಾಗಿ ಬರೆದರು. ಬೇರೆ ಬೇರೆ ಕಂಪನಿಗಳು ತಮ್ಮಿಷ್ಟದಂತೆ ಬದಲಿಸಿದ ಬೇಸಿಕ್ ಬಗ್ಗೆ ಅದನ್ನು ಹೆತ್ತವರಿಗೂ ಅಸಮಾಧಾನವಿತ್ತು. ಆದರೂ ಸಾಮಾನ್ಯ ಜನರನ್ನು ಗಣಕದ ಮುಂದೆ ಕೂರಿಸಿದ ಭಾಷೆ ಇದೇ.

1970ರಲ್ಲಿ ಕೆಮೆನಿ ಡಾರ್ಟ್‌ಮತ್‌ನ 13ನೆಯ ಅಧ್ಯಕ್ಷರಾದರು. ನಮ್ಮಲ್ಲಿ ಕುಲಪತಿ ಎನ್ನುವಂಥ ಹುದ್ದೆ. ಎಷ್ಟೇ ಕೆಲಸವಿದ್ದರೂ ಅವರು ಪಾಠ ಹೇಳುವುದನ್ನು ಬಿಡಲಿಲ್ಲ. 1769ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯಲ್ಲಿ ಪದವಿ ತರಗತಿಗಳು ಗಂಡುಮಕ್ಕಳಿಗೆ ಮಾತ್ರ ಮೀಸಲಾಗಿದ್ದವು. ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುವ ಮಾತೆತ್ತಿದಾಗ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಸಿಡಿಮಿಡಿಗೊಂಡರು. ಹುಡುಗರ ಸ್ಥಾನಗಳು ಕಡಿಮೆಯಾಗುತ್ತವೆ ಎಂಬುದು ಒಂದು ಆಕ್ಷೇಪ. ಹೊಸ ಕಟ್ಟಡಗಳಿಗೆ ಹಣವೆಲ್ಲಿ ಎಂಬುದು ಇನ್ನೊಂದು ಪ್ರಶ್ನೆ. ಇದಕ್ಕೆ ದೊರೆತ ಉತ್ತರವನ್ನು ಗಮನಿಸಿ. ಬೇಸಿಗೆಯಲ್ಲೂ ತರಗತಿ ನಡೆಸಿ, ವರ್ಷವನ್ನು ನಾಲ್ಕು ಅವಧಿಗಳಾಗಿ ಮಾಡಿ, ಎಲ್ಲ ವಿದ್ಯಾರ್ಥಿಗಳೂ ಒಂದೇ ವೇಳೆಗೆ ಆವರಣದಲ್ಲಿ ಇರದಂತೆ ಏರ್ಪಡಿಸಲಾಯಿತು. ಅದೇ ಕೋಣೆಗಳು, ಹೆಚ್ಚು ವಿದ್ಯಾರ್ಥಿಗಳು. ಇದೂ ಒಂದು ಕಾಲ ಹಂಚಿಕೆಯೇ ಅಲ್ಲವೆ? 1971ರ ನವೆಂಬರ್‌ನಲ್ಲಿ ಆಡಳಿತ ಮಂಡಲಿ ಒಪ್ಪಿತು. 1972ರಲ್ಲಿ ವಿದ್ಯಾರ್ಥಿನಿಯರು ಪದವಿ ತರಗತಿಗಳಿಗೆ ಕಾಲಿಟ್ಟರು.

ಇನ್ನೊಂದು ಹಳೆಯ ಸಾಲವೂ ಬಾಕಿ ಇತ್ತು. ಅಮೆರಿಕದ ಮೂಲನಿವಾಸಿಗಳ ಮಕ್ಕಳಿಗೆ ವಿದ್ಯೆ ನೀಡುವುದು ಈ ಕಾಲೇಜಿನ ಸ್ಥಾಪನಾ ಸನ್ನದಿನಲ್ಲೇ ಬರೆದಿದ್ದ ಉದ್ದೇಶ. ಆದರೆ ಇನ್ನೂರು ವರ್ಷಗಳಲ್ಲಿ ಅವರ ಪೈಕಿ ಪದವಿ ಪಡೆದವರು ಇಪ್ಪತ್ತು ಜನರೂ ಇರಲಿಲ್ಲ. ಕೆಮೆನಿ ಅಧಿಕಾರ ವಹಿಸಿಕೊಂಡೊಡನೆ ಅವರನ್ನು ಕರೆತರುವ ಪ್ರತ್ಯೇಕ ಕಾರ್ಯಕ್ರಮ ಆರಂಭಿಸಿದರು.

1979ರ ಮಾರ್ಚ್‌ನಲ್ಲಿ ತ್ರೀ ಮೈಲ್ ಐಲೆಂಡ್ ಅಣು ವಿದ್ಯುತ್ ಸ್ಥಾವರದಲ್ಲಿ ಅಪಘಾತವಾಯಿತು. ಅಧ್ಯಕ್ಷ ಕಾರ್ಟರ್ ನೇಮಿಸಿದ ತನಿಖಾ ಆಯೋಗಕ್ಕೆ ಕೆಮೆನಿಯವರೇ ಮುಖ್ಯಸ್ಥರಾದರು. ಮೊದಲ ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಎಚ್ಚರಿಕೆಯ ಸಂಕೇತಗಳು ಒಟ್ಟಿಗೆ ಮೊಳಗಿದ್ದವು. ಯಾವುದು ಮುಖ್ಯವೆಂದು ನಿರ್ವಾಹಕರಿಗೆ ತಿಳಿಯಲಿಲ್ಲ. ದೋಷ ಬರಿಯ ಯಂತ್ರದ್ದಲ್ಲ, ತರಬೇತಿ ಮತ್ತು ಮೇಲ್ವಿಚಾರಣೆಯದೂ ಹೌದು ಎಂದು ಆಯೋಗ ಅದೇ ಅಕ್ಟೋಬರ್‌ನಲ್ಲಿ ವರದಿ ನೀಡಿತು. ಬಳಸುವವನಿಗೆ ಅರ್ಥವಾಗದ ಯಂತ್ರ ಅಪಾಯಕಾರಿ ಎಂಬ ಪಾಠ ಇಲ್ಲಿಯೂ ಇತ್ತು.

1981ರಲ್ಲಿ ಅಧ್ಯಕ್ಷ ಪದವಿ ಬಿಟ್ಟ ಕೆಮೆನಿ ಮತ್ತೆ ಪೂರ್ಣಾವಧಿ ಮೇಷ್ಟರಾದರು. 1992ರ ಡಿಸೆಂಬರ್ 26ರಂದು ತೀರಿಕೊಂಡರು. ಕರ್ಟ್ಸ್ 2024ರವರೆಗೆ ಬದುಕಿದ್ದರು.

ವಿದ್ಯಾರ್ಥಿ ಮಿತ್ರರೇ, ಇಂದು ಬೇಸಿಕ್ ಕಲಿಯುವವರು ವಿರಳ. ಆದರೆ ಬೀಗ ಹಾಕಿದ ಪುಸ್ತಕದ ಬೀರು, ಬಟ್ಟೆ ಹೊದಿಸಿಟ್ಟ ಕಂಪ್ಯೂಟರ್ ನಮ್ಮ ಶಾಲೆ ಕಾಲೇಜುಗಳಲ್ಲಿ ಇನ್ನೂ ಕಾಣಸಿಗುತ್ತವೆ. ಇರುವುದು ಸಾಲದು ಎಂಬ ಕಾರಣ ಕೇಳಿದಾಗಲೆಲ್ಲ ಕೆಮೆನಿಯವರ ಲೆಕ್ಕವನ್ನು ನೆನಪಿಸಿಕೊಳ್ಳಿ: ಇರುವುದನ್ನೇ ಸರಿಯಾಗಿ ಹಂಚಿದರೆ ಇನ್ನೂ ಎಷ್ಟು ಜನ ಒಳಗೆ ಬರಬಹುದು? ನಾಳೆ ಬೀಗದ ಕೈ ನಿಮ್ಮ ಕೈಗೆ ಬಂದಾಗಲೂ ಈ ಪ್ರಶ್ನೆಯನ್ನು ಮರೆಯಬೇಡಿ.