ಮೋಟಾರು ವಾಹನಗಳ ಇಂಧನಮಾಪನ: ಒಂದು ಐತಿಹಾಸಿಕ ವಿವೇಚನೆ

ಜಪಾನಿನ ಟೊಯೋಟ ಕಾರ್ಖಾನೆಯ 'ಪ್ರಿಯಸ್' ಎಂಬ ಕಾರಿನ ಮೂರನೆಯ ಪೀಳಿಗೆ ೨೦೦೯ರಲ್ಲಿ ಮಾರುಕಟ್ಟೆಗೆ ಬಂದಿತು. ಅದು ಒಂದು ಲೀಟರು ಪೆಟ್ರೋಲಿಗೆ ಎಷ್ಟು ದೂರ ಓಡುವುದೆಂಬ ಪ್ರಶ್ನೆಗೆ ಜಪಾನಿನಲ್ಲಿ ದೊರೆತ ಉತ್ತರ ೩೫.೫ ಕಿಲೋಮೀಟರು, ಯೂರೋಪಿನಲ್ಲಿ ೨೫.೬, ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ೨೧ಕ್ಕಿಂತ ತುಸು ಹೆಚ್ಚು. ಜಪಾನಿನಲ್ಲಿಯೇ ಮತ್ತೊಂದು ಪದ್ಧತಿಯಿಂದ ಅಳೆದಾಗ ೩೦.೪ ಎಂಬ ಬೇರೊಂದು ಅಂಕಿ ಬಂದಿತು. ಸಣ್ಣಪುಟ್ಟ ಮಾದರಿಭೇದಗಳನ್ನು ಬದಿಗಿರಿಸಿದರೆ, ಒಂದೇ ಯಂತ್ರಕ್ಕೆ ನಾಲ್ಕು ಅಂಕಿಗಳು. ಇವುಗಳಲ್ಲಿ ಯಾವುದೂ ಸುಳ್ಳಲ್ಲವೆಂಬುದೇ ಇಲ್ಲಿ ವಿಚಾರಾರ್ಹವಾದ ಸಂಗತಿ.

ಅಳತೆಯ ಮಾನಗಳಿಂದ ಉಂಟಾಗುವ ಭ್ರಾಂತಿಯನ್ನು ಮೊದಲು ನಿವಾರಿಸಿಕೊಳ್ಳೋಣ. ಬ್ರಿಟಿಷ್ ಗ್ಯಾಲನ್ನು ೪.೫೪೬ ಲೀಟರು, ಅಮೆರಿಕದ್ದು ೩.೭೮೫. ಆದುದರಿಂದ ಅಮೆರಿಕದಲ್ಲಿ ಗ್ಯಾಲನ್ನಿಗೆ ೩೦ ಮೈಲಿ ಓಡುವ ಗಾಡಿ ಇಂಗ್ಲೆಂಡಿನ ಲೆಕ್ಕದಲ್ಲಿ ೩೬ ಮೈಲಿ ಓಡುತ್ತದೆ. (ನಮ್ಮಲ್ಲಿ ಮೈಲಿ ಹೋಗಿ ಕಿಲೋಮೀಟರು ಬಂದು ದಶಕಗಳೇ ಕಳೆದರೂ 'ಮೈಲೇಜು' ಎಂಬ ಮಾತು ಮಾತ್ರ ಹೋಗಿಲ್ಲ.) ಇದು ಗಣಿತದಿಂದ ಪರಿಹಾರವಾಗುವ ತೊಡಕು. ಮಾನವನ್ನು ಒಂದುಗೂಡಿಸಿದ ಮೇಲೂ ಉಳಿಯುವ ವ್ಯತ್ಯಾಸದ ಕಾರಣವನ್ನು ಚರಿತ್ರೆಯಲ್ಲಿ ಅರಸಬೇಕಾಗುತ್ತದೆ.

ಈ ಅಂಕಿಗಳು ರಸ್ತೆಯಲ್ಲಿ ಹುಟ್ಟಿದವಲ್ಲ. ಪ್ರಯೋಗಶಾಲೆಯಲ್ಲಿ ಗಾಡಿಯ ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ, ಯಾವ ಕ್ಷಣದಲ್ಲಿ ಎಷ್ಟು ವೇಗವಿರಬೇಕೆಂದು ಮೊದಲೇ ಗೊತ್ತುಮಾಡಿದ ಕ್ರಮದಂತೆ ಓಡಿಸುತ್ತಾರೆ. ಹೊರಬಿದ್ದ ಹೊಗೆಯನ್ನು ಸಂಗ್ರಹಿಸಿ, ಅದರಲ್ಲಿರುವ ಇಂಗಾಲದಿಂದ ವ್ಯಯವಾದ ಇಂಧನವನ್ನು ಲೆಕ್ಕಹಾಕುತ್ತಾರೆ. ವೇಗದ ಈ ಕ್ರಮವನ್ನು ನಾವು 'ಚಾಲನಾಕ್ರಮ'ವೆಂದು ಕರೆಯಬಹುದು. ಪ್ರತಿಯೊಂದು ಚಾಲನಾಕ್ರಮವೂ ತಾನು ಹುಟ್ಟಿದ ದೇಶಕಾಲಗಳ ಒಂದು ದಾಖಲೆ; ಅದನ್ನು ದಾಖಲೆಯಂತೆಯೇ ಓದಬೇಕೆಂಬುದು ನಮ್ಮ ಅಭಿಪ್ರಾಯ.

ಅಮೆರಿಕದ ನಗರ ಚಾಲನಾಕ್ರಮ ಹುಟ್ಟಿದ್ದು ಇಂಧನವನ್ನು ಅಳೆಯುವುದಕ್ಕಲ್ಲ, ಹೊಗೆಯನ್ನು ಅಳೆಯುವುದಕ್ಕೆ. ಲಾಸ್ ಏಂಜಲಿಸ್ ನಗರವನ್ನು ಕವಿದಿದ್ದ ಹೊಗೆಮಂಜಿನ ಮೂಲವನ್ನು ಶೋಧಿಸುವಾಗ ಆ ನಗರದ ಒಂದು ಮಾರ್ಗವನ್ನೇ ಆಧಾರವಾಗಿಟ್ಟುಕೊಂಡು ಅದನ್ನು ರೂಪಿಸಿದರು. ದೂರ ಸುಮಾರು ೭.೫ ಮೈಲಿ, ಕಾಲ ೧೩೭೨ ಸೆಕೆಂಡು, ಸರಾಸರಿ ವೇಗ ಗಂಟೆಗೆ ೧೯.೬ ಮೈಲಿ. ಗಾಡಿಯನ್ನು ಬಿರುಸಾಗಿ ಮುನ್ನುಗ್ಗಿಸಿದರೆ ಅಂದಿನ ಉರುಳೆಗಳ ಮೇಲೆ ಚಕ್ರಗಳು ಜಾರುತ್ತಿದ್ದವು. ಆದಕಾರಣ ವೇಗವೃದ್ಧಿಯನ್ನು ಸೆಕೆಂಡಿಗೆ ೩.೩ ಮೈಲಿಯ ಮಿತಿಯೊಳಗೆ ಇರಿಸಿದರು. ಹೀಗೆ ಆ ಕಾಲದ ಯಂತ್ರದ ದೌರ್ಬಲ್ಯವೊಂದು ಚಾಲಕರೆಲ್ಲರ ಸೌಮ್ಯಸ್ವಭಾವವಾಗಿ ದಾಖಲಾಯಿತು!

೧೯೭೩ರ ತೈಲಸಂಕಟದ ತರುವಾಯ, ೧೯೭೫ರಲ್ಲಿ, ಅಮೆರಿಕದ ಕಾಂಗ್ರೆಸ್ಸು ಇಂಧನ ಮಿತವ್ಯಯದ ಶಾಸನವನ್ನು ಮಾಡಿತು. ೧೯೮೫ರ ಹೊತ್ತಿಗೆ ತಯಾರಕರ ಗಾಡಿಗಳ ಸರಾಸರಿ ಗ್ಯಾಲನ್ನಿಗೆ ೨೭.೫ ಮೈಲಿಗೆ ಏರಬೇಕೆಂದು ಅದು ವಿಧಿಸಿತು. ಅಳೆಯುವುದಕ್ಕೆ ಕೈಗೆ ಸಿಕ್ಕಿದ್ದು ಹೊಗೆಯ ಆ ಪರೀಕ್ಷೆಯೇ. ಅದಕ್ಕೆ ಹೆದ್ದಾರಿಯ ಭಾಗವೊಂದು ಸೇರಿತು. ಅದರ ಗರಿಷ್ಠ ವೇಗ ೬೦ ಮೈಲಿ. ೧೯೭೫ರ ಪದ್ಧತಿಯಿಂದ, ಇಲ್ಲವೇ ಅದಕ್ಕೆ ಹೋಲುವ ಫಲಿತಾಂಶ ಕೊಡುವ ಪದ್ಧತಿಯಿಂದ ಅಳೆಯಬೇಕೆಂದು ಶಾಸನವೇ ನುಡಿದುದು ಗಮನಾರ್ಹ. ರಸ್ತೆಯಲ್ಲಿ ಅಷ್ಟು ದೂರ ಓಡುತ್ತಿಲ್ಲವೆಂದು ಕೊಳ್ಳುವವರು ದೂರಿದಾಗ, ೧೯೮೫ರ ಮಾದರಿಗಳಿಂದ ಮೊದಲ್ಗೊಂಡು ನಗರದ ಅಂಕಿಯನ್ನು ಶೇಕಡ ೧೦ರಷ್ಟು, ಹೆದ್ದಾರಿಯದನ್ನು ಶೇಕಡ ೨೨ರಷ್ಟು ತಗ್ಗಿಸಿದರು. ೨೦೦೮ರ ಮಾದರಿಗಳಿಗೆ ಅತಿವೇಗ, ಹವಾನಿಯಂತ್ರಣ, ಚಳಿ ಇವುಗಳ ಪರೀಕ್ಷೆಗಳೂ ಸೇರಿದವು. ಆದರೆ ಈ ತಿದ್ದುಪಡಿಗಳೆಲ್ಲ ಗಾಡಿಗೆ ಅಂಟಿಸುವ ಚೀಟಿಗೆ ಮಾತ್ರ. ಶಾಸನದ ಲೆಕ್ಕಕ್ಕೆ ಹಳೆಯ ಅಂಕಿಯೇ ಉಳಿಯಿತು. ಕೊಳ್ಳುವವನಿಗೊಂದು, ಕಾನೂನಿಗೊಂದು!

ಜಪಾನಿನ ಅಂಕಿ ಅಷ್ಟು ಎತ್ತರವಾಗಿರುವುದಕ್ಕೆ ಅಲ್ಲಿನ ನಗರಜೀವನವೇ ಕಾರಣ. ೧೯೯೧ರ '೧೦·೧೫' ಕ್ರಮದಲ್ಲಿ ಗರಿಷ್ಠ ವೇಗ ೭೦ ಕಿಲೋಮೀಟರು, ಸರಾಸರಿ ೨೩ಕ್ಕೂ ಕಡಮೆ. ನಿಲ್ಲುವುದು, ಹೊರಡುವುದು, ಮತ್ತೆ ನಿಲ್ಲುವುದು. ನಿಂತಾಗ ಎಂಜಿನ್ನನ್ನು ಆರಿಸಿಬಿಡುವ ಪ್ರಿಯಸ್ಸಿಗೆ ಇದಕ್ಕಿಂತ ಅನುಕೂಲವಾದ ಪರೀಕ್ಷೆ ಬೇರೆ ಯಾವುದಿದ್ದೀತು?

ಯೂರೋಪಿನ ವೃತ್ತಾಂತ ಇನ್ನೂ ಬೋಧಪ್ರದವಾದುದು. ಅಲ್ಲಿನ ನಗರಕ್ರಮ ೧೯೭೦ರದು. ಹೊರವಲಯದ ಭಾಗ ೧೯೯೦ರಲ್ಲಿ ಸೇರಿತು. ನಿಂತ ಗಾಡಿ ೫೦ ಕಿಲೋಮೀಟರಿನ ವೇಗವನ್ನು ಮುಟ್ಟಲು ಅದರಲ್ಲಿ ೨೬ ಸೆಕೆಂಡುಗಳ ಅವಕಾಶವಿತ್ತು. ಸ್ವಚ್ಛ ಸಾರಿಗೆಯನ್ನು ಕುರಿತ ಅಂತರರಾಷ್ಟ್ರೀಯ ಮಂಡಲಿ ಚಾಲಕರ ಲೆಕ್ಕಗಳನ್ನು ಸಂಗ್ರಹಿಸಿ ನೋಡಿದಾಗ, ೨೦೦೧ರಲ್ಲಿ ಶೇಕಡ ೧೦ಕ್ಕಿಂತ ಕಡಮೆಯಿದ್ದ ಅಂತರ ೨೦೧೫ರ ವೇಳೆಗೆ ಶೇಕಡ ೪೦ರ ಆಸುಪಾಸಿಗೆ ಬೆಳೆದಿತ್ತು. ಆ ಅವಧಿಯಲ್ಲಿ ಪರೀಕ್ಷೆ ಬದಲಾಗಲಿಲ್ಲ; ರಸ್ತೆಗಳಾಗಲಿ ಚಾಲಕರಾಗಲಿ ಅಷ್ಟರಮಟ್ಟಿಗೆ ಬದಲಾದರೆಂದು ನಂಬುವುದು ಕಷ್ಟ. ಬದಲಾದುದು ಅಂಕಿಯ ಬೆಲೆ. ಹಲವು ದೇಶಗಳು ವಾಹನ ತೆರಿಗೆಯನ್ನು ಇಂಗಾಲಾಮ್ಲದ ಪ್ರಮಾಣಕ್ಕೆ ಗಂಟುಹಾಕಿದವು; ಮಿತಿಮೀರಿದ ತಯಾರಕರಿಗೆ ದಂಡವೂ ಬಂದಿತು. ಅಂದಿನಿಂದ ನಿಯಮಗಳಲ್ಲಿದ್ದ ಸಡಿಲಗಳೆಲ್ಲ—ಟೈರಿನ ಗಾಳಿ, ಬ್ಯಾಟರಿಯ ವಿದ್ಯುತ್ತು, ಪರೀಕ್ಷಾಗೃಹದ ಉಷ್ಣತೆ—ಒಂದೊಂದಾಗಿ ಉಪಯೋಗಕ್ಕೆ ಬಂದವು. ೨೦೧೭ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ಹೊಸ ಕ್ರಮ ಅರ್ಧ ಗಂಟೆಯದು. ಗರಿಷ್ಠ ವೇಗ ೧೩೧ ಕಿಲೋಮೀಟರು. ಆದರೂ ೨೦೨೧ರ ಕಾರುಗಳೊಳಗಿನ ಮಾಪಕಗಳನ್ನು ಓದಿ ಯೂರೋಪಿನ ಆಯೋಗ ೨೦೨೪ರಲ್ಲಿ ಪ್ರಕಟಿಸಿದ ವರದಿಯಂತೆ, ಪೆಟ್ರೋಲು ಮತ್ತು ಡೀಸೆಲ್ ಗಾಡಿಗಳ ನಿಜವಾದ ವ್ಯಯ ಐದನೆಯ ಒಂದು ಪಾಲಿನಷ್ಟು ಹೆಚ್ಚಾಗಿಯೇ ಇದೆ.

ಭಾರತದ ಮೊದಲ ಚಾಲನಾಕ್ರಮದ ಗರಿಷ್ಠ ವೇಗ ೪೨ ಕಿಲೋಮೀಟರು. ಅಂಬಾಸಿಡರ್ ಕಾರುಗಳ ಕಾಲದ ಬೀದಿಗಳನ್ನು ಅದರಲ್ಲಿ ಗುರುತಿಸಬಹುದು. ೨೦೦೦ದ ಸುಮಾರಿಗೆ ಯೂರೋಪಿನ ಕ್ರಮವನ್ನೇ ತಂದು, ಅದರ ತುದಿಯನ್ನು ೧೨೦ರಿಂದ ೯೦ ಕಿಲೋಮೀಟರಿಗೆ ಇಳಿಸಿ ಅಳವಡಿಸಿಕೊಂಡರು. ಅಂದಿನ ನಮ್ಮ ರಸ್ತೆಗಳಿಗೆ ಅದು ಸಾಕಾಗಿತ್ತು. ೨೦೨೩ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳಿಗೆ ವಿಧಿಸಿದ ವೇಗಮಿತಿಯೇ ೧೦೦ ಕಿಲೋಮೀಟರು.