ಕೆಳಮೆಟ್ಟಿಲಿನ ಹರ್ಲಿಂಗ್

1954ರಲ್ಲಿ ಅಖಿಲ ಐರ್ಲೆಂಡ್ ಹರ್ಲಿಂಗ್ ಚಾಂಪಿಯನ್‌ಶಿಪ್ಪಿನ ಸೆಮಿಫೈನಲ್. ಒಂದು ಕಡೆ ಆಗ್ನೇಯದ ವೆಕ್ಸ್‌ಫರ್ಡ್, ಇನ್ನೊಂದು ಕಡೆ ಉತ್ತರದ ಆಂಟ್ರಿಮ್. ವೆಕ್ಸ್‌ಫರ್ಡ್ ಪರ ಆಡಿದ ನಿಕಿ ರ್ಯಾಕರ್ಡ್ ಎಂಬ ಪಶುವೈದ್ಯ ಅವತ್ತು ತಾನೊಬ್ಬನೇ ಏಳು ಗೋಲು, ಏಳು ಪಾಯಿಂಟ್ ಬಾರಿಸಿದ. ಗೋಲಿಗೆ ಮೂರರಂತೆ ಲೆಕ್ಕ ಹಾಕಿದರೆ ಇಪ್ಪತ್ತೆಂಟಾಯಿತು. ಆಂಟ್ರಿಮ್‌ನ ಇಡೀ ತಂಡ ಸೇರಿ ಗಳಿಸಿದ್ದು ಎರಡು ಗೋಲು, ಮೂರು ಪಾಯಿಂಟ್, ಅಂದರೆ ಒಂಬತ್ತು. ಐವತ್ತು ವರ್ಷ ಕಳೆದು 2005ರಲ್ಲಿ ದುರ್ಬಲ ತಂಡಗಳಿಗಾಗಿಯೇ ಒಂದು ಕಪ್ ಶುರುಮಾಡಿದಾಗ ಅದಕ್ಕೆ ಇಟ್ಟ ಹೆಸರು ನಿಕಿ ರ್ಯಾಕರ್ಡ್ ಕಪ್! ಹೆಸರಿಟ್ಟವರಿಗೆ ಈ ತಮಾಷೆ ಹೊಳೆದಿತ್ತೋ ಇಲ್ಲವೋ, ಆಂಟ್ರಿಮ್‌ನವರಿಗೆ ಹೊಳೆದೇ ಇರಬೇಕು.

ನಾನು ಕೊಡಗಿನವಳು. ಕೆಲಸ ನರ್ಸಿನದು, ಸಂಸಾರ ಐರ್ಲೆಂಡಿನ ನಡುಮಧ್ಯದ ಲಾಂಗ್‌ಫರ್ಡ್ ಕೌಂಟಿಯಲ್ಲಿ. ಹಾಕಿ ಸ್ಟಿಕ್ ಹಿಡಿದೇ ಬೆಳೆದ ನನಗೆ ಇಲ್ಲಿಯವರ ಹರ್ಲಿಂಗ್ ನೋಡಿ ಮೊದಲು ಗಾಬರಿಯಾಗಿದ್ದು ನಿಜ. ನಮ್ಮಲ್ಲಿ ಕೋಲು ಭುಜದ ಮೇಲೆ ಹೋದರೆ ರೆಫರಿ ಸೀಟಿ ಊದುತ್ತಿದ್ದ ಕಾಲವಿತ್ತು. ಇಲ್ಲಿ ಆಟ ನಡೆಯುವುದೇ ಭುಜದ ಮೇಲೆ. ಹದಿನೈದು ಹದಿನೈದು ಜನ. ಚರ್ಮದ ಪುಟ್ಟ ಚೆಂಡಿಗೆ ಸ್ಲಿಟರ್ ಎನ್ನುತ್ತಾರೆ. ಅದನ್ನು ಗಾಳಿಯಲ್ಲೇ ಹಿಡಿ, ಕೋಲಿನ ತುದಿಯಲ್ಲಿ ಕೂರಿಸಿಕೊಂಡು ಓಡು, ಓಡುತ್ತಲೇ ಬಾರಿಸು. ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಹಾರಿದರೆ ಒಂದು ಪಾಯಿಂಟ್; ಬಿಳಿ ಕೋಟಿನ ಅಂಪೈರ್ ಬಿಳಿ ಬಾವುಟ ಎತ್ತುತ್ತಾನೆ. ಪಟ್ಟಿಯ ಕೆಳಗೆ ಬಲೆಗೆ ಹೋದರೆ ಗೋಲು, ಹಸಿರು ಬಾವುಟ. ಹೆಲ್ಮೆಟ್ ಎಲ್ಲರಿಗೂ ಕಡ್ಡಾಯವಾದದ್ದು 2010ರಲ್ಲಿ ಎಂದು ಕೇಳಿದಾಗ, ಅದಕ್ಕೂ ಮುಂಚಿನ ಹಲ್ಲುಗಳ ಗತಿ ಏನಾಗಿರಬಹುದು ಎಂದು ನರ್ಸಿನ ಬುದ್ಧಿ ಲೆಕ್ಕ ಹಾಕಿತು.

ಕೊಡಗಿಗೆ ಹಾಕಿ ಹೇಗೋ ಕಿಲ್ಕೆನಿಗೆ ಹರ್ಲಿಂಗ್ ಹಾಗೆ. ಆದರೆ ನಾನಿರುವುದು ಕಿಲ್ಕೆನಿಯಲ್ಲಲ್ಲ. ಲಾಂಗ್‌ಫರ್ಡ್ ಫುಟ್‌ಬಾಲ್ ಕೌಂಟಿ, ಅದೂ ಇವರದೇ ಗೇಲಿಕ್ ಫುಟ್‌ಬಾಲ್. 1968ರಲ್ಲಿ ಲೆನ್‌ಸ್ಟರ್ ಪ್ರಾಂತ್ಯದ ಫುಟ್‌ಬಾಲ್ ಪ್ರಶಸ್ತಿ ಗೆದ್ದ ಕಥೆಯನ್ನು ಇಲ್ಲಿಯ ಮುದುಕರು ಇಂದಿಗೂ ನಿನ್ನೆಯದೆಂಬಂತೆ ಹೇಳುತ್ತಾರೆ. ಹರ್ಲಿಂಗ್ ಕೋಲು ಹಿಡಿದು ಬಸ್ ನಿಲ್ದಾಣದಲ್ಲಿ ನಿಂತ ಹುಡುಗನನ್ನು ಮಾತ್ರ ಜನ ತಿರುಗಿ ನೋಡುತ್ತಾರೆ. ನನ್ನ ಮಗ ಆ ಹುಡುಗರಲ್ಲೊಬ್ಬ. ಹಾಗಾಗಿ ಈ ಚರಿತ್ರೆಯನ್ನು ನಾನು ಓದಿದ್ದು ಮೇಲಿನಿಂದ ಕೆಳಕ್ಕಲ್ಲ, ಕೆಳಗಿನಿಂದ ಮೇಲಕ್ಕೆ.

ಒಂದೇ ದ್ವೀಪದಲ್ಲಿ ಒಂದು ಕಡೆ ಹುಚ್ಚು, ಇನ್ನೊಂದು ಕಡೆ ಉದಾಸೀನ ಏಕೆ? ಭೂಗೋಳಶಾಸ್ತ್ರಜ್ಞ ಕೆವಿನ್ ವೀಲನ್ ಇದಕ್ಕೆ ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು. ಹದಿನೆಂಟನೆಯ ಶತಮಾನದಲ್ಲಿ ಇಲ್ಲಿ ಎರಡು ಬಗೆಯ ಆಟವಿತ್ತು. ದಕ್ಷಿಣದಲ್ಲಿ ಬೇಸಿಗೆಯ ಆಟ: ಅಗಲ ಕೋಲು, ಮೆತ್ತನೆಯ ಚೆಂಡು, ಕೈಯಲ್ಲಿ ಹಿಡಿಯಲು ಅನುಮತಿ. ಉತ್ತರದಲ್ಲಿ ಚಳಿಗಾಲದ ಆಟ: ಸಪೂರ ಕೋಲು, ಗಟ್ಟಿ ಚೆಂಡು, ಎಲ್ಲವೂ ನೆಲದ ಮೇಲೆ. ದಕ್ಷಿಣದ ಆಟಕ್ಕೆ ಸುಣ್ಣಕಲ್ಲಿನ ನೆಲ ಬೇಕು, ಮಳೆನೀರು ಬೇಗ ಇಂಗಿ ಹುಲ್ಲು ಗಟ್ಟಿಯಾಗಿ ನಿಲ್ಲಬೇಕು, ಹತ್ತಿರದಲ್ಲಿ ಆ್ಯಶ್ ಮರ ಇರಬೇಕು. ಜೊತೆಗೆ ತಂಡ ಕಟ್ಟಿ, ಬಾಜಿ ಕಟ್ಟಿ, ಗೆದ್ದವರಿಗೆ ಕುಡಿಸುವ ಜಮೀನ್ದಾರನೂ ಬೇಕು. ಇವೆಲ್ಲ ಕೂಡಿದ್ದು ಕಿಲ್ಕೆನಿ, ಟಿಪ್ಪರೇರಿ, ಕಾರ್ಕ್ ಸುತ್ತಮುತ್ತ. ಲೀಟ್ರಿಮ್, ಕ್ಯಾವನ್ ಕಡೆಯ ಜೌಗು ನೆಲದಲ್ಲಿ ಕೂಡಲಿಲ್ಲ. ಕಿಲ್ಕೆನಿಯ ಹೆಸರು ಈ ಆಟಕ್ಕೆ ಅಂಟಿಕೊಂಡದ್ದು ಇನ್ನೂ ಹಳೆಯದು: ವಲಸೆ ಬಂದ ಇಂಗ್ಲಿಷರು ಐರಿಷರ ಈ ಆಟ ಆಡಕೂಡದೆಂದು ಶಾಸನ ಮಾಡಿದ್ದು 1366ರಲ್ಲಿ, ಅದೇ ಊರಿನಲ್ಲಿ. ಶಾಸನದ ಮಾತು ಯಾರು ಕೇಳಿದರು ಎಂಬುದು ಇವತ್ತಿನ ಪ್ರಶಸ್ತಿ ಪಟ್ಟಿ ನೋಡಿದರೆ ಗೊತ್ತಾಗುತ್ತದೆ.

1840ರ ದಶಕದ ಮಹಾಕ್ಷಾಮ ಜನರನ್ನೂ ಆಟವನ್ನೂ ಒಟ್ಟಿಗೆ ಬಲಿ ತೆಗೆದುಕೊಂಡಿತು. 1884ರ ನವೆಂಬರ್ 1ರಂದು ಥರ್ಲ್ಸ್ ಊರಿನ ಹೇಯ್ಸ್ ಹೋಟೆಲಿನಲ್ಲಿ ಮೈಕಲ್ ಕ್ಯೂಸಾಕ್ ಮತ್ತು ಸಂಗಡಿಗರು ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಕಟ್ಟಿದಾಗ ನಿಯಮ ರೂಪಿಸಿದ್ದು ದಕ್ಷಿಣದ ಬೇಸಿಗೆ ಆಟದ ಮಾದರಿಯಲ್ಲೇ. ಮೊದಲ ಚಾಂಪಿಯನ್‌ಶಿಪ್ 1887ರದು. ಫೈನಲ್ ನಡೆದದ್ದು ಮಾತ್ರ ಮರುವರ್ಷದ ಏಪ್ರಿಲ್ ಒಂದರಂದು, ಬರ್ ಎಂಬ ಊರಿನಲ್ಲಿ. ಟಿಪ್ಪರೇರಿ ಗಾಲ್ವೇಯನ್ನು ಸೋಲಿಸಿತು. ಅಲ್ಲಿಂದ 2025ರವರೆಗೆ ಕಿಲ್ಕೆನಿ 36 ಸಲ, ಕಾರ್ಕ್ 30 ಸಲ, ಟಿಪ್ಪರೇರಿ 29 ಸಲ ಗೆದ್ದಿವೆ. ಒಂದಾದರೂ ಪ್ರಶಸ್ತಿ ಕಂಡ ತಂಡಗಳು ಒಟ್ಟು ಹದಿಮೂರು. ಅದರಲ್ಲೊಂದು ಲಂಡನ್! ಅಲ್ಲಿಗೆ ದುಡಿಯಲು ಹೋದ ಐರಿಷ್ ಹುಡುಗರು 1901ರ ಫೈನಲಿನಲ್ಲಿ ಕಾರ್ಕನ್ನೇ ಕೆಡವಿದ್ದರು.

ಉಳಿದವರು ಏನು ಮಾಡುತ್ತಿದ್ದರು? ಸೋಲುತ್ತಿದ್ದರು. ನಾಕೌಟ್ ಪದ್ಧತಿಯಲ್ಲಿ ದುರ್ಬಲ ಕೌಂಟಿಗೆ ಸಿಗುತ್ತಿದ್ದದ್ದು ವರ್ಷಕ್ಕೊಂದು ಪಂದ್ಯ, ಒಂದು ಹೊಡೆತ. ಆಮೇಲೆ ಮನೆಗೆ. 1974ರಲ್ಲಿ ಸೀನಿಯರ್ 'ಬಿ' ಚಾಂಪಿಯನ್‌ಶಿಪ್ ಎಂದು ಒಂದನ್ನು ಶುರುಮಾಡಿದರು, ಮೊದಲ ವರ್ಷ ಕಿಲ್ಡೇರ್ ಗೆದ್ದಿತು. 'ಬಿ' ಅಂದರೆ ಬಿ. ಅದಕ್ಕಾಗಿ ಯಾರೂ ಮನೆ ಬಿಟ್ಟು ಮೈದಾನಕ್ಕೆ ಬರಲಿಲ್ಲ.

ಲೆಕ್ಕ ಬದಲಾದದ್ದು 2005ರಲ್ಲಿ. ಎರಡನೆಯ ಸ್ತರಕ್ಕೆ ಕ್ರಿಸ್ಟಿ ರಿಂಗ್ ಕಪ್, ಮೂರನೆಯದಕ್ಕೆ ನಿಕಿ ರ್ಯಾಕರ್ಡ್ ಕಪ್. 2009ರಲ್ಲಿ ಅದಕ್ಕೂ ಕೆಳಗೆ ಲೋರಿ ಮಾಹರ್ ಕಪ್ ಬಂತು. 2018ರಲ್ಲಿ ಜೋ ಮ್ಯಾಕ್‌ಡೊನಾ ಕಪ್ ಎರಡನೆಯ ಮೆಟ್ಟಿಲನ್ನು ಆಕ್ರಮಿಸಿತು, ಉಳಿದವೆಲ್ಲ ಒಂದೊಂದು ಮೆಟ್ಟಿಲು ಕೆಳಗಿಳಿದವು. ಗೆದ್ದವರಿಗೆ ಬಡ್ತಿ, ಕೊನೆಯವರಿಗೆ ಹಿಂಬಡ್ತಿ. ಗುಂಪಿನಲ್ಲಿ ಹಲವು ಪಂದ್ಯ, ಎದುರಾಳಿ ಸರಿಸಮಾನ. ಇದಕ್ಕಿಂತ ದೊಡ್ಡ ಆಸೆ ಎಂದರೆ ಫೈನಲ್ ಡಬ್ಲಿನ್‌ನ ಕ್ರೋಕ್ ಪಾರ್ಕಿನಲ್ಲಿ. ಎಂಬತ್ತೆರಡು ಸಾವಿರ ಜನ ಹಿಡಿಸುವ ಅಂಗಳದಲ್ಲಿ, ಎಂದೂ ಅಲ್ಲಿ ಕಾಲಿಡುವ ಭಾಗ್ಯವಿಲ್ಲದ ಕೌಂಟಿಯ ಹುಡುಗರು. ಬಹುಪಾಲು ಸೀಟು ಖಾಲಿ ಇರುತ್ತವೆ, ನಿಜ. ಅಮ್ಮಂದಿರು ಕೂಗಿದ್ದು ಆಟಗಾರರಿಗೆ ಹೆಸರು ಸಮೇತ ಕೇಳಿಸುತ್ತದೆ.

ಹೆಸರುಗಳ ಬಗ್ಗೆ ಇನ್ನೊಂದು ಮಾತು. ಕ್ರಿಸ್ಟಿ ರಿಂಗ್ ಕಾರ್ಕ್‌ನ ಕ್ಲಾಯ್ನ್ ಊರಿನವನು, ತೈಲ ಸಾಗಿಸುವ ಲಾರಿ ಓಡಿಸುತ್ತಿದ್ದ, ಎಂಟು ಅಖಿಲ ಐರ್ಲೆಂಡ್ ಪದಕ ಗೆದ್ದ. ಎಂಟನೆಯದು ಬಂದದ್ದು 1954ರ ಫೈನಲಿನಲ್ಲಿ, 84,856 ಜನರ ಮುಂದೆ. ಸೋತದ್ದು ಇದೇ ರ್ಯಾಕರ್ಡ್‌ನ ವೆಕ್ಸ್‌ಫರ್ಡ್. ಎರಡು ವರ್ಷದ ನಂತರ ವೆಕ್ಸ್‌ಫರ್ಡ್ ಕಾರ್ಕನ್ನು ಸೋಲಿಸಿದಾಗ, ಒಂಬತ್ತನೆಯ ಪದಕ ತಪ್ಪಿದ ರಿಂಗ್‌ನನ್ನು ಗೆದ್ದ ತಂಡದವರೇ ಹೆಗಲ ಮೇಲೆ ಹೊತ್ತು ನಡೆದರು. ರ್ಯಾಕರ್ಡ್ ಮುಂದೆ ಕುಡಿತದ ಚಟಕ್ಕೆ ಬಿದ್ದು, ಅದರಿಂದ ಎದ್ದು, ಬೇರೆ ಕುಡುಕರನ್ನು ಎಬ್ಬಿಸುವ ಕೆಲಸದಲ್ಲಿ ಕೊನೆಯ ವರ್ಷಗಳನ್ನು ಕಳೆದ. ಬಿದ್ದು ಎದ್ದವನ ಹೆಸರು ಈಗ ನಾಲ್ಕನೆಯ ದರ್ಜೆಗೆ ಇಳಿದಿರುವ ಕಪ್ಪಿಗೆ ಒಪ್ಪುತ್ತದೆ ಎಂದು ಈಚೀಚೆಗೆ ಅನ್ನಿಸುತ್ತಿದೆ. ಲೋರಿ ಮಾಹರ್ 1930ರ ದಶಕದ ಕಿಲ್ಕೆನಿ ಆಟಗಾರ, ಟುಲ್ಲರೋನ್‌ನ ರೈತ. ಅವನ ಮನೆ ಈಗ ವಸ್ತುಸಂಗ್ರಹಾಲಯ. ಜೋ ಮ್ಯಾಕ್‌ಡೊನಾ 1980ರಲ್ಲಿ ಗಾಲ್ವೇ ಗೆದ್ದಾಗ ಕ್ರೋಕ್ ಪಾರ್ಕಿನ ಗ್ಯಾಲರಿಯಲ್ಲಿ ನಿಂತು ಹಾಡಿದವನು, ಮುಂದೆ ಅಸೋಸಿಯೇಷನ್ನಿನ ಅಧ್ಯಕ್ಷನೂ ಆದ.

ಈ ಮೆಟ್ಟಿಲುಗಳು ಕೆಲಸ ಮಾಡುತ್ತವೆ ಎಂಬುದಕ್ಕೆ ಎರಡು ಸಾಕ್ಷಿ ಹೇಳುತ್ತೇನೆ. ಒಂದು, ಲೀಶ್ ಕೌಂಟಿ. 2019ರ ಜೂನ್ ಕೊನೆಯ ಭಾನುವಾರ ಅವರು ಜೋ ಮ್ಯಾಕ್‌ಡೊನಾ ಕಪ್ ಎತ್ತಿದರು. ಮುಂದಿನ ಭಾನುವಾರವೇ ತಮ್ಮ ಪೋರ್ಟ್‌ಲೀಶ್ ಮೈದಾನದಲ್ಲಿ, ದೊಡ್ಡವರ ಸಾಲಿನ ಡಬ್ಲಿನ್ ತಂಡವನ್ನು ಹೊರದಬ್ಬಿದರು. ಇನ್ನೊಂದು ಆಫಲಿ. ಅವರು 1981, 1985, 1994, 1998ರಲ್ಲಿ ದೇಶಕ್ಕೇ ಚಾಂಪಿಯನ್ನರು. ಇಪ್ಪತ್ತು ವರ್ಷದಲ್ಲಿ ಜಾರುತ್ತ ಜಾರುತ್ತ ಕ್ರಿಸ್ಟಿ ರಿಂಗ್ ಕಪ್ಪಿನವರೆಗೆ ಇಳಿದರು. ಅವಮಾನ ಎಂದು ಕೈಚೆಲ್ಲಿ ಕೂರಲಿಲ್ಲ. 2021ರಲ್ಲಿ ಅದನ್ನು ಗೆದ್ದು ಮೇಲೆ ಬಂದರು, 2024ರಲ್ಲಿ ಮ್ಯಾಕ್‌ಡೊನಾ ಗೆದ್ದರು, ಅದೇ ವರ್ಷ ಅವರ ಇಪ್ಪತ್ತರ ಒಳಗಿನ ಹುಡುಗರು ಟಿಪ್ಪರೇರಿಯನ್ನು ಸೋಲಿಸಿ ಅಖಿಲ ಐರ್ಲೆಂಡ್ ಪ್ರಶಸ್ತಿ ತಂದರು.

ಆದರೆ ಕೆಳಗಿನವರನ್ನು ನಡೆಸಿಕೊಳ್ಳುವ ರೀತಿ ಇದೆಯಲ್ಲ, ಅದರ ಬಗ್ಗೆ ನನಗೆ ಸಿಟ್ಟಿದೆ. 2016ರ ಜೂನ್ 4, ಕ್ರೋಕ್ ಪಾರ್ಕ್, ಕ್ರಿಸ್ಟಿ ರಿಂಗ್ ಕಪ್ ಫೈನಲ್, ಮೀತ್ ವಿರುದ್ಧ ಆಂಟ್ರಿಮ್. ಒಂದು ಪಾಯಿಂಟಿನಿಂದ ಮೀತ್ ಗೆದ್ದಿತೆಂದು ಘೋಷಣೆಯಾಯಿತು. ನಾಯಕ ಕಪ್ ಎತ್ತಿದ, ಫೋಟೋ ಆಯಿತು, ಕುಣಿತ ಆಯಿತು. ಆಮೇಲೆ ಯಾರೋ ಕೂತು ಪಾಯಿಂಟುಗಳನ್ನು ಮತ್ತೆ ಎಣಿಸಿದರು. ಮೀತ್‌ಗೆ ಒಂದು ಜಾಸ್ತಿ ಬರೆದುಕೊಂಡಿದ್ದರು; ಪಂದ್ಯ ನಿಜಕ್ಕೂ ಸಮ. ಕೊಟ್ಟ ಕಪ್ ಕೊಟ್ಟದ್ದೇ ಎಂದು ಬಿಡುವಂತಿಲ್ಲ, ಕಿತ್ತುಕೊಳ್ಳುವಂತೆಯೂ ಇಲ್ಲ. ಮರುಪಂದ್ಯವಾಯಿತು. ಅದರಲ್ಲೂ ಮೀತ್ ಒಂದೇ ಪಾಯಿಂಟಿನಿಂದ ಗೆದ್ದಿತು, ಈ ಸಲ ಅಸಲಿಗೇ. ಕಥೆ ಕೇಳಿ ನಗು ಬರುತ್ತದೆ. ಕಿಲ್ಕೆನಿ-ಕಾರ್ಕ್ ಫೈನಲಾಗಿದ್ದರೆ ಎಂಬತ್ತು ಸಾವಿರ ಜನ ಬೆರಳು ಮಡಿಚಿ ಎಣಿಸುತ್ತಿದ್ದರು, ತಪ್ಪು ಅರೆ ನಿಮಿಷ ಬದುಕುತ್ತಿರಲಿಲ್ಲ. ಖಾಲಿ ಗ್ಯಾಲರಿಗೆ ಎಣಿಸುವವರು ಯಾರು?

ಪಕ್ಕದ ಲೀಟ್ರಿಮ್‌ನ ಕಥೆ ಹೇಳದಿದ್ದರೆ ತಪ್ಪಾದೀತು. 2022ರ ಜನಗಣತಿಯಲ್ಲಿ ಇಡೀ ಕೌಂಟಿಗೆ 35,199 ಜನ. ಹರ್ಲಿಂಗ್ ಆಡುವವರು ಅದರಲ್ಲಿ ಚಿಟಿಕೆಯಷ್ಟು. ಝ್ಯಾಕ್ ಮೊರಾಡಿ ಹುಟ್ಟಿದ್ದು ಇರಾಕಿನ ರಮಾದಿಯ ನಿರಾಶ್ರಿತರ ಶಿಬಿರದಲ್ಲಿ, ಕುರ್ದ್ ಕುಟುಂಬದಲ್ಲಿ. 2002ರಲ್ಲಿ ಹುಡುಗನಾಗಿ ಕ್ಯಾರಿಕ್-ಆನ್-ಶ್ಯಾನನ್ ಊರಿಗೆ ಬಂದು ಇಳಿದ, ಅಲ್ಲಿ ಕೋಲು ಹಿಡಿದ. ಕುಟುಂಬ ಮುಂದೆ ಡಬ್ಲಿನ್‌ಗೆ ಹೋದರೂ ಕೌಂಟಿ ಜರ್ಸಿ ಲೀಟ್ರಿಮ್‌ನದೇ. 2019ರ ಲೋರಿ ಮಾಹರ್ ಫೈನಲಿನಲ್ಲಿ ಲೀಟ್ರಿಮ್ ಎದುರಿಗೆ ಇಂಗ್ಲೆಂಡಿನ ಲ್ಯಾಂಕಶೈರ್. ಹೆಚ್ಚುವರಿ ಸಮಯಕ್ಕೆ ಹೋದ ಪಂದ್ಯವನ್ನು ಲೀಟ್ರಿಮ್ ಒಂದು ಪಾಯಿಂಟಿನಿಂದ ಗೆದ್ದಿತು. ಕಪ್ ಗೆದ್ದ ತಂಡದಲ್ಲಿ ಮೊರಾಡಿ ಇದ್ದ. ಕಿಲ್ಕೆನಿಯಲ್ಲಿ ಹುಟ್ಟಿದವನಿಗೆ ಕೌಂಟಿ ತಂಡ ಸೇರಲು ಅಜ್ಜನ ಕಾಲದಿಂದ ಸರತಿ ಸಾಲಿದೆ. ಹೊಸಬನಿಗೆ ಜಾಗವಿರುವುದು ಕೆಳಗಿನ ಮೆಟ್ಟಿಲಿನಲ್ಲೇ. ಪರದೇಶದ ತಾಯಿಯಾಗಿ ನಾನು ಇದನ್ನು ಹೇಳದೆ ಇರಲಾರೆ.

ಕೋಲಿನ ವಿಷಯ. ಹರ್ಲಿ ಎಂದು ಕರೆಯುವ ಮೂರು ಅಡಿ ಆಸುಪಾಸಿನ ಈ ಕೋಲನ್ನು ಆ್ಯಶ್ ಮರದ ಬುಡದಿಂದ ತೆಗೆಯುತ್ತಾರೆ, ಕೊಂಬೆಯಿಂದಲ್ಲ. ಕಾಂಡ ಬೇರಿಗೆ ತಿರುಗುವ ಜಾಗದಲ್ಲಿ ಮರದ ಎಳೆಯೂ ಬಾಗುತ್ತದೆ. ಆ ಬಾಗನ್ನೇ ಕೋಲಿನ ಅಗಲ ತುದಿಗೆ ಬಳಸಿದರೆ ಮುರಿಯುವುದಿಲ್ಲ. ಮಗನ ಕೋಲನ್ನು ಬೆಳಕಿಗೆ ಹಿಡಿದರೆ ಎಳೆಗಳು ಹಿಡಿಯಿಂದ ನೇರ ಇಳಿದು ಕೊನೆಗೆ ಒಟ್ಟಾಗಿ ಹೊರಳುವುದು ಕಾಣುತ್ತದೆ. ತುದಿಗೆ ತಗಡಿನ ಪಟ್ಟಿ, ಸಣ್ಣ ಮೊಳೆಗಳು. 2012ರಲ್ಲಿ ಆ್ಯಶ್ ಮರಗಳನ್ನು ಒಣಗಿಸುವ ಶಿಲೀಂಧ್ರ ರೋಗ ಐರ್ಲೆಂಡಿನಲ್ಲಿ ಮೊದಲು ಪತ್ತೆಯಾದದ್ದು ಇದೇ ಲೀಟ್ರಿಮ್‌ನಲ್ಲಿ, ಹೊರದೇಶದಿಂದ ತಂದ ಸಸಿಗಳಲ್ಲಿ. ಈಗ ಬಿದಿರಿನ, ಪ್ಲಾಸ್ಟಿಕ್ಕಿನ ಕೋಲುಗಳೂ ಬಂದಿವೆ. 2018ರಲ್ಲಿ ಯುನೆಸ್ಕೋ ಈ ಆಟವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಮರಕ್ಕೆ ಅದರಿಂದ ಉಪಯೋಗವಾಗಲಿಲ್ಲ.

ಪರಂಪರೆಯ ಪಟ್ಟಿಗೆ ಸೇರಿ ಐದು ವರ್ಷಕ್ಕೆ, 2023ರ ನವೆಂಬರಿನಲ್ಲಿ, ಅಸೋಸಿಯೇಷನ್ನಿನ ಸಮಿತಿಯೊಂದು ಹೊಸ ಪ್ರಸ್ತಾಪ ತಂದಿತು. ಐದಕ್ಕಿಂತ ಕಡಿಮೆ ವಯಸ್ಕರ ಕ್ಲಬ್‌ಗಳಿರುವ ಕೌಂಟಿಗಳು ರಾಷ್ಟ್ರೀಯ ಹರ್ಲಿಂಗ್ ಲೀಗಿನಲ್ಲಿ ಆಡುವುದು ಬೇಡ. ಉಳಿಯುವ ಹಣದಲ್ಲಿ ಅಲ್ಲಿಯ ಕ್ಲಬ್‌ಗಳನ್ನು ಬೆಳೆಸೋಣ. ಕೇಳಲು ಚೆನ್ನಾಗಿದೆ. ಆದರೆ ಕೌಂಟಿ ಜರ್ಸಿಯ ಆಸೆಯೇ ಇಲ್ಲದ ಮೇಲೆ ಹುಡುಗ ಮಳೆಯಲ್ಲಿ ತರಬೇತಿಗೆ ಯಾಕೆ ಬರುತ್ತಾನೆ? ಪಟ್ಟಿಯಲ್ಲಿದ್ದವು ಕ್ಯಾವನ್, ಫರ್ಮ್ಯಾನಾ, ಲೀಟ್ರಿಮ್, ಲಾಂಗ್‌ಫರ್ಡ್, ಲೌತ್. ಆಟಗಾರರು ಸಿಡಿದೆದ್ದರು, ದೊಡ್ಡ ಕೌಂಟಿಗಳ ಹೆಸರಾಂತರೂ ದನಿಗೂಡಿಸಿದರು, ಪ್ರಸ್ತಾಪವನ್ನು ಕೈಬಿಡಲಾಯಿತು.

ಮರುವರ್ಷ, 2024ರಲ್ಲಿ, ಕ್ರೋಕ್ ಪಾರ್ಕಿನಲ್ಲಿ ನಡೆದ ಲೋರಿ ಮಾಹರ್ ಕಪ್ ಫೈನಲಿಗೆ ಬಂದ ಎರಡೂ ತಂಡಗಳು ಆ ಐದರ ಪಟ್ಟಿಯವೇ: ಲಾಂಗ್‌ಫರ್ಡ್ ಮತ್ತು ಫರ್ಮ್ಯಾನಾ. ಗೆದ್ದದ್ದು ಲಾಂಗ್‌ಫರ್ಡ್.