ಕೃಷ್ಣೆಯ ಉಗಮದಲ್ಲೊಂದು ವಿಚಾರಗೋಷ್ಠಿ

ನಾರಾಯಣಪುರ ಎಡದಂಡೆ ಕಾಲುವೆಯಿಂದ ಭೀಮರಾಯನಗುಡಿಯ ಸುತ್ತಲಿನ ಹೊಲಗಳಿಗೆ ಹರಿಯುವ ಕೃಷ್ಣೆ ಹುಟ್ಟುವುದು ಮಹಾಬಲೇಶ್ವರದಲ್ಲಿ. ನಮ್ಮ ಜೀವವಿಜ್ಞಾನದ ಚರಿತ್ರೆಯಲ್ಲೂ ಆ ಊರಿಗೆ ಸ್ಥಾನವಿದೆ.

1962ರಲ್ಲಿ ಹೋಮಿ ಭಾಭಾ ಅವರ ಆಹ್ವಾನದಂತೆ ಒಬೈದ್ ಸಿದ್ದಿಕಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿ, ಭೌತವಿಜ್ಞಾನಿಗಳ ನಡುವೆ ಆಣವಿಕ ಜೀವವಿಜ್ಞಾನ ವಿಭಾಗವನ್ನು ಕಟ್ಟಿದರು. ವಿದೇಶಿ ವಿನಿಮಯ ವಿರಳವಾಗಿದ್ದ ಆ ಕಾಲದಲ್ಲಿ ಹೊರದೇಶದ ಸಮ್ಮೇಳನಗಳು ಕೆಲವರಿಗಷ್ಟೇ ಎಟುಕುತ್ತಿದ್ದವು. 1970ರ ದಶಕದಲ್ಲಿ ಆರಂಭವಾದ ಮಹಾಬಲೇಶ್ವರ ಗೋಷ್ಠಿ ಈ ಕೊರತೆಗೆ ಉತ್ತರವಾಯಿತು. ಹೊರದೇಶದ ವಿಜ್ಞಾನಿಗಳೇ ಇಲ್ಲಿಗೆ ಬಂದು, ಜೀನು, ಜೀವಕೋಶ, ನರವ್ಯೂಹಗಳ ಬಗ್ಗೆ ನಮ್ಮ ಯುವ ಸಂಶೋಧಕರೊಡನೆ ಚರ್ಚಿಸಿದರು.

1990ರ ದಶಕದಲ್ಲಿ ಸಿದ್ದಿಕಿಯವರ ಮುಂದಾಳತ್ವದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರ ತಲೆಯೆತ್ತಿತು. ಭೀಮರಾಯನಗುಡಿಯಲ್ಲೂ ಕೃಷಿ ಕಾಲೇಜಿದೆ. ಕಾಲುವೆಯ ಕೊನೆಯ ಹೊಲಕ್ಕೂ ನೀರು ಮುಟ್ಟಬೇಕಾದಂತೆ, ಇಂತಹ ಗೋಷ್ಠಿಗಳ ಚರ್ಚೆ ಇಲ್ಲಿನ ತರಗತಿಗೂ ಮುಟ್ಟಬೇಕು.